ಐದು ಜನ ಸೇರಿ ಬರೆಯುತ್ತಿರುವ ನಾಗರ ಕಥೆ: ಒಂದು ಅಧ್ಯಾಯಕ್ಕೆ ಇನ್ನೊಂದು ತಾಳೆ ಆಗುತ್ತಿಲ್ಲ, ಏನು ಮಾಡುವುದು?

ತುಂಗೆಯ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಹೇಳಿ.

ನಾವು ಐದು ಜನ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರು. ಒಂದೂವರೆ ವರ್ಷದಿಂದ ಒಂದು ಫ್ಯಾನ್ ಫಿಕ್ಷನ್, ಅಂದರೆ ಮೊದಲೇ ಇರುವ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಹೊಸ ಕಥೆ, ಬರೆಯುತ್ತಿದ್ದೇವೆ. ಅದರ ಮೂಲ ಮಹಾಭಾರತದ ಖಾಂಡವ ದಹನ. ಕೃಷ್ಣಾರ್ಜುನರು ಖಾಂಡವದ ಕಾಡು ಸುಟ್ಟಾಗ ಅಲ್ಲಿಯ ನಾಗರಾಜ ತಕ್ಷಕ ಅಲ್ಲಿರಲಿಲ್ಲ, ಕುರುಕ್ಷೇತ್ರಕ್ಕೆ ಹೋಗಿದ್ದ. ಮಗ ಅಶ್ವಸೇನನನ್ನು ಉಳಿಸಬೇಕು ಅಂತ ಅವನ ತಾಯಿ ಅವನನ್ನು ನುಂಗಿಕೊಂಡು ಮೇಲೆ ಹಾರಿದಳು. ಅರ್ಜುನನ ಬಾಣಕ್ಕೆ ಅವಳು ಸತ್ತಳು, ಮಗ ತಪ್ಪಿಸಿಕೊಂಡ. ಆಮೇಲೆ ಅವನು ನಮಗೆ ಸಿಗುವುದು ಯುದ್ಧದಲ್ಲಿ, ಕರ್ಣನ ಬಾಣದೊಳಗೆ. ನಡುವೆ ಅಷ್ಟೊಂದು ವರ್ಷ ಅವನು ಎಲ್ಲಿದ್ದ? ಅಲ್ಲಿಂದ ನಮ್ಮ ಕಥೆ ಶುರು. ಅವನು ದಕ್ಷಿಣಕ್ಕೆ ಬಂದು ನಮ್ಮ ಘಟ್ಟದ ಕಾಡಿನ ನಾಗರ ಜೊತೆ ಇದ್ದ ಅಂತ ಇಟ್ಟುಕೊಂಡೆವು. ಆಗುಂಬೆ ಹತ್ತಿರದ ಒಂದು ನಾಗಬನದ ಹುಡುಗಿ ಕೇದಗೆ ನಮ್ಮ ಮುಖ್ಯ ಪಾತ್ರ. ಅವಳು ಪೂರ್ತಿ ನಮ್ಮ ಕಲ್ಪನೆ.

ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದು ಹಾಕುತ್ತೇವೆ. 14 ಆಗಿದೆ. ಓದುವವರು ಜಾಸ್ತಿ ಇಲ್ಲ, ಆದರೆ ಇರುವವರು ತುಂಬಾ ಗಮನ ಇಟ್ಟು ಓದುತ್ತಾರೆ. ಈಗ ಅವರೇ ಒಂದೊಂದಾಗಿ ಕೇಳುತ್ತಿದ್ದಾರೆ.

ಮೊದಲನೆಯದು, ಅಶ್ವಸೇನ. ಎಂಟನೇ ಅಧ್ಯಾಯದ ಕೊನೆಯಲ್ಲಿ ಗದ್ದೆಯ ಬದುವಿನ ಮೇಲೆ ಅವನ ಮೈ ಬಿದ್ದಿದೆ, ಮೇಲೆ ಗರುಡ ಸುತ್ತುತ್ತಿದೆ. ಬರೆದವರ ಮನಸ್ಸಿನಲ್ಲಿ ಅವನು ಸತ್ತ. ಹನ್ನೊಂದರಲ್ಲಿ ಅವನು ಕೇದಗೆಯ ಜೊತೆ ಕೂತು ಮಾತಾಡುತ್ತಿದ್ದಾನೆ. ಎರಡನೆಯದು, ನಾಗಮಣಿ. ನಾಲ್ಕನೇ ಅಧ್ಯಾಯದಲ್ಲಿ ನಾವೇ ಒಂದು ಕಟ್ಟು ಹಾಕಿದ್ದೆವು: ಮಣಿ ಕೇಳಿದ್ದನ್ನು ಕೊಡುತ್ತದೆ, ಬದಲಿಗೆ ಒಂದು ನೆನಪು ತೆಗೆದುಕೊಳ್ಳುತ್ತದೆ, ಯಾವ ನೆನಪು ಅನ್ನುವುದನ್ನು ಅದೇ ಆರಿಸುತ್ತದೆ. ಒಂಬತ್ತರಲ್ಲಿ ನೆರೆ ಬಂದ ರಾತ್ರಿ ಕೇದಗೆ ಮೂರು ಸಲ ಮಣಿ ಹಿಡಿಯುತ್ತಾಳೆ. ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗಾದರೆ ಆ ಕಟ್ಟು ಯಾಕೆ ಬೇಕಿತ್ತು ಅಂತ ಓದುಗರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಮೂರನೆಯದು ದಾರಿ ಮತ್ತು ದಿನದ ಲೆಕ್ಕ. ಏಳರಲ್ಲಿ ಆಗುಂಬೆಯಿಂದ ಬೆಳಿಗ್ಗೆ ಹೊರಟವರು ಸಂಜೆಗೆ ತುಂಗಾ ಭದ್ರಾ ಸೇರುವ ಕೂಡ್ಲಿ ಸಂಗಮದಲ್ಲಿ ಹುಣ್ಣಿಮೆ ನೋಡುತ್ತಾರೆ. ಹನ್ನೆರಡರಲ್ಲಿ ಅದೇ ದಾರಿಯಲ್ಲಿ ವಾಪಸ್ ಬರಲು ಆರು ದಿನ.

ಕೊನೆಯದೇ ನನ್ನ ನಿದ್ದೆ ಕೆಡಿಸಿರುವುದು. ಎರಡನೇ ಅಧ್ಯಾಯದಲ್ಲಿ ಕೇದಗೆಗೆ ಒಬ್ಬ ಅಣ್ಣ ಇದ್ದಾನೆ, ನಂಜ. ಅವಳಿಗೆ ಈಜು ಕಲಿಸಿದವನು ಅವನೇ. ಜೇನು ಮಾರಲು ಘಟ್ಟ ಇಳಿದವನು ವಾಪಸ್ ಬಂದಿಲ್ಲ. ಹನ್ನೊಂದರಲ್ಲಿ ಅವಳು ಅಶ್ವಸೇನನಿಗೆ ಹೇಳುತ್ತಾಳೆ: "ನನಗೆ ಒಡಹುಟ್ಟಿದವರು ಯಾರೂ ಇಲ್ಲ, ನಾನೊಬ್ಬಳೇ." ಹನ್ನೊಂದನ್ನು ಬರೆದವರು ನಮ್ಮ ಗುಂಪಿಗೆ ತಡವಾಗಿ ಸೇರಿದವರು, ಎರಡನೇ ಅಧ್ಯಾಯ ಅವರ ನೆನಪಿನಲ್ಲಿ ಇರಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಹಿಂದಿನದು ಓದದೇ ಯಾಕೆ ಬರೀತೀರಿ" ಅಂದುಬಿಟ್ಟರು. ಆ ಮಾತು ಅವರಿಗೆ ನಾಟಿತು. ಈಗ ಅವರು ಬರೆಯುವುದನ್ನೇ ಬಿಡುತ್ತೇನೆ ಅಂತಿದ್ದಾರೆ. ನಿಜ ಹೇಳಬೇಕು ಅಂದರೆ 14 ಅಧ್ಯಾಯಗಳಲ್ಲಿ ಅತಿ ಚೆನ್ನಾಗಿರುವುದು ಆ ಹನ್ನೊಂದನೆಯದೇ. ಅದನ್ನು ಕೆಡಿಸಲು ನನಗೆ ಮನಸ್ಸಿಲ್ಲ.

ಹಳೆಯದನ್ನು ತಿದ್ದಬೇಕಾ? ಹೊಸದನ್ನು ತಿದ್ದಬೇಕಾ? ಯಾರು ತಿದ್ದಬೇಕು?

ಹೊಸನಗರದ ದಾರಿ:

ದಾರಿಯ ಲೆಕ್ಕ ಮೊದಲು ಮುಗಿಸಿಬಿಡೋಣ, ಅದು ಸುಲಭ. ಆಗುಂಬೆಯಿಂದ ತೀರ್ಥಹಳ್ಳಿಗೆ 30 ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ಶಿವಮೊಗ್ಗಕ್ಕೆ 60ರ ಮೇಲೆ. ಅಲ್ಲಿಂದ ಕೂಡ್ಲಿಗೆ ಇನ್ನೊಂದು 15. ಒಟ್ಟು 100 ದಾಟಿತು, ಅದೂ ಈಗಿನ ರಸ್ತೆಯಲ್ಲಿ. ಕಾಡುದಾರಿಯಲ್ಲಿ ಹೊರೆ ಹೊತ್ತು ನಡೆಯುವವರು ದಿನಕ್ಕೆ 20 ಕಿಲೋಮೀಟರ್ ನಡೆದರೆ ದೊಡ್ಡದು. ಹಾಗಾಗಿ ಹನ್ನೆರಡನೇ ಅಧ್ಯಾಯದ ಆರು ದಿನ ಸರಿ, ಏಳನೆಯದು ತಪ್ಪು. "ಸಂಜೆ" ಅನ್ನುವ ಕಡೆ "ಆರನೆಯ ಸಂಜೆ" ಅಂತ ಹಾಕಿ. ಒಂದೇ ಪದ, ಮುಗಿಯಿತು.

ಆದರೆ ಹುಣ್ಣಿಮೆ ಇದೆಯಲ್ಲ, ಅದು ಯಾವ ತಿಂಗಳು? ಆರಿದ್ರಾ ಮಳೆಯೋ ಪುನರ್ವಸು ಮಳೆಯೋ ಆಗಿದ್ದರೆ ನಮ್ಮ ಕಡೆ ಚಂದ್ರ ಕಾಣುವುದೆಲ್ಲಿ ಬಂತು? ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಳೆಗಾಲದ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಕೂಡ್ಲಿ ಬಯಲು ಸೀಮೆಯ ಅಂಚಿನಲ್ಲಿದೆ, ಅಲ್ಲಿ ಮೋಡ ಸ್ವಲ್ಪ ಬಿಟ್ಟಿರಬಹುದು. ಅದನ್ನೇ ಬಳಸಿಕೊಳ್ಳಿ. ಘಟ್ಟದ ಹುಡುಗಿ ತಿಂಗಳಾನುಗಟ್ಟಲೆ ಕಾಣದಿದ್ದ ಚಂದ್ರನನ್ನು ಸಂಗಮದಲ್ಲಿ ಮೊದಲ ಸಲ ನೋಡುತ್ತಾಳೆ. ತಪ್ಪು ತಿದ್ದಲು ಹೋಗಿ ಒಂದು ಒಳ್ಳೆ ದೃಶ್ಯ ಸಿಕ್ಕಿತು ನೋಡಿ.

ಇನ್ನು ಮುಂದಕ್ಕೆ ಒಂದು ಕೆಲಸ ಮಾಡಿ. ಕಥೆಗೊಂದು ಪಂಚಾಂಗ ಇಡಿ. ಗೂಗಲ್ ಶೀಟ್ ಸಾಕು. ಅಧ್ಯಾಯ, ಯಾವ ಮಳೆ ನಕ್ಷತ್ರ, ಯಾವ ತಿಥಿ, ಯಾರು ಎಲ್ಲಿದ್ದಾರೆ, ಯಾರಿಗೆ ಏನು ಗೊತ್ತು. ಒಂದು ಮಳೆ ನಕ್ಷತ್ರ ಅಂದರೆ 13-14 ದಿನ, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು. ನಮ್ಮ ಅಪ್ಪ ಅಡಿಕೆಗೆ ಔಷಧಿ ಹೊಡೆಯುವುದನ್ನು ಇವತ್ತಿಗೂ ತಾರೀಖು ನೋಡಿ ಹೇಳುವುದಿಲ್ಲ, ಮಳೆ ಲೆಕ್ಕದಲ್ಲೇ ಹೇಳುತ್ತಾರೆ. ನಿಮ್ಮ ನಾಗರೂ ಹಾಗೇ ಲೆಕ್ಕ ಹಾಕುತ್ತಿದ್ದರು ಅಂತ ಇಟ್ಟುಕೊಂಡರೆ ಓದುವವರಿಗೆ ಎಲ್ಲೂ ಕೃತಕ ಅನ್ನಿಸುವುದಿಲ್ಲ. "ಯಾರಿಗೆ ಏನು ಗೊತ್ತು" ಅನ್ನುವ ಕಾಲಂ ಮಾತ್ರ ತಪ್ಪಿಸಬೇಡಿ. ಜಾಸ್ತಿ ಎಡವುವುದು ಅಲ್ಲೇ.

ಮಿಡಿ ಉಪ್ಪಿನಕಾಯಿ:

ನಾನು ಈ ಕಥೆ ಓದುತ್ತಿದ್ದೇನೆ. ತುಂಬಾ ಇಷ್ಟ. ಅದಕ್ಕೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಪಟ್ಟಿ ಮಾಡದ ಎರಡು ತಪ್ಪು ಇದೆ.

ಐದನೇ ಅಧ್ಯಾಯದಲ್ಲಿ ಕೇದಗೆಯ ಅಜ್ಜಿ ಕೆಂಪು ಮೆಣಸಿನಕಾಯಿ ಸುಟ್ಟು ಚಟ್ನಿ ಅರೆಯುತ್ತಾಳೆ. ಮೆಣಸಿನಕಾಯಿ ಅಮೆರಿಕ ಖಂಡದ್ದು. ನಮಗೆ ಸಿಕ್ಕಿದ್ದು 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ. ಗೋಡಂಬಿಯೂ ಹಾಗೇ, ಆಲೂಗಡ್ಡೆ ಟೊಮೇಟೊ ಅಂತೂ ಇನ್ನೂ ಈಚೆಗೆ. ಅಜ್ಜಿ ಕಾಳುಮೆಣಸು ಅರೆಯಲಿ. ಅದು ನಮ್ಮ ಘಟ್ಟದ್ದೇ, ಅದಕ್ಕಾಗಿಯೇ ಅಲ್ವಾ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂದಿದ್ದು. ಹುಳಿಗೆ ಮುರುಗಲು ಅಥವಾ ಉಪ್ಪಾಗೆ ಹಾಕಿ. ಕಳಲೆ, ಕೆಸುವಿನ ಸೊಪ್ಪು, ಅಣಬೆ, ಮಳೆಗಾಲದ ಅಡುಗೆಗೆ ಏನು ಕೊರತೆ ಹೇಳಿ.

ಎರಡನೆಯದು ಆರನೇ ಅಧ್ಯಾಯ. ಶರಾವತಿಯನ್ನು ದಾಟುವಾಗ ಕಣ್ಣು ಹಾಯುವವರೆಗೂ ನೀರು, ನಡುವೆ ನಡುವೆ ದ್ವೀಪ. ಓದುವಾಗ ಕಣ್ಣಿಗೆ ಕಟ್ಟಿತು. ಆದರೆ ಅದು ಲಿಂಗನಮಕ್ಕಿ ಹಿನ್ನೀರು. ಆಣೆಕಟ್ಟು ಆಗಿದ್ದು 1964ರಲ್ಲಿ. ಆ ದ್ವೀಪಗಳೆಲ್ಲ ಮುಳುಗಿದ ಗುಡ್ಡಗಳ ತಲೆ. ನಮ್ಮ ಅಜ್ಜಿಯ ತವರು ಆ ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಮರದ ಬೊಡ್ಡೆಗಳು ಕಾಣುತ್ತವೆ, ಅವಳು ಕೈ ತೋರಿಸಿ ಇಲ್ಲಿ ಗದ್ದೆ ಇತ್ತು, ಇಲ್ಲಿ ಬಾವಿ ಇತ್ತು ಅನ್ನುತ್ತಿದ್ದಳು. ಹಾಗಾಗಿ ಆ ಪುಟ ಓದಿದಾಗ ನನಗೆ ಒಂಥರಾ ಆಯಿತು. ನಿಮ್ಮ ಕಾಲದಲ್ಲಿ ಆ ಕಣಿವೆ ಕಣಿವೆಯಾಗಿಯೇ ಇತ್ತು, ಕೆಳಗೆ ಹೊಳೆ ಹರಿಯುತ್ತಿತ್ತು. ಕೇದಗೆ ಆ ಕಣಿವೆಗೆ ಇಳಿದು ಹತ್ತಲಿ. ಮುಳುಗುವ ಮೊದಲಿನ ಊರನ್ನು ಒಂದು ಸಲ ಅವಳ ಕಣ್ಣಿನಲ್ಲಿ ನೋಡುವ ಆಸೆ ನನಗೆ.

ಸುಮ್ನೆ ಓದುವವ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ನಾಗಗಳು ಮನುಷ್ಯರಾಗಿ ಓಡಾಡುವ ಕಥೆಯಲ್ಲಿ ಮೆಣಸಿನಕಾಯಿ ಯಾವ ಲೆಕ್ಕ. ಮುಂದೆ ಬರೆಯುತ್ತಾ ಹೋಗಿ.

ಮಿಡಿ ಉಪ್ಪಿನಕಾಯಿ:

ನಾಗಗಳು ಮನುಷ್ಯರಾಗುವುದನ್ನು ನಾವು ನಂಬಲು ಒಪ್ಪಿಕೊಂಡು ಕೂತಿದ್ದೇವೆ, ಅದಕ್ಕೇ ಉಳಿದದ್ದು ಗಟ್ಟಿ ಇರಬೇಕು. ಅಡುಗೆ ಮನೆ, ಹೊಳೆ, ಮಳೆ ಇವು ನಿಜ ಅನ್ನಿಸಿದರೆ ಮಾತ್ರ ಮಣಿಯೂ ನಿಜ ಅನ್ನಿಸುತ್ತದೆ.

ಮಳೆಗಾಲದ ಮದ್ದಳೆ:

ಯಾರು ತಿದ್ದಬೇಕು ಅಂತ ಕೇಳಿದಿರಲ್ಲ, ಅದಕ್ಕೆ ನಮ್ಮಲ್ಲೇ ಒಂದು ಹಳೆಯ ದಾರಿ ಇದೆ. ತಾಳಮದ್ದಳೆ.

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ಮನೆ ಜಗಲಿಯಲ್ಲಿ, ದೇವಸ್ಥಾನದಲ್ಲಿ ಕೂಟ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಹಾಡು ಮತ್ತು ಮಾತು ಮಾತ್ರ. ಪಾತ್ರಗಳ ಮಾತು ಆಡುವ ನಾಲ್ಕೈದು ಜನ ಅರ್ಥಧಾರಿಗಳು ಕೂತು ಒಂದೇ ಕಥೆಯನ್ನು ಆ ಕ್ಷಣಕ್ಕೆ ಕಟ್ಟುತ್ತಾ ಹೋಗುತ್ತಾರೆ. ನೀವು ಐದು ಜನ ಮಾಡುತ್ತಿರುವುದೂ ಅದೇ ಕೆಲಸ. ಅಲ್ಲಿ ಕಥೆ ಹರಿದು ಚೂರಾಗದೇ ಇರುವುದು ಹೇಗೆ? ಪ್ರಸಂಗದ, ಅಂದರೆ ಆಡುವ ಕಥೆಯ, ಪದ್ಯ ಇರುತ್ತದೆ. ಪದ್ಯವನ್ನು ಯಾರೂ ಮುಟ್ಟುವ ಹಾಗಿಲ್ಲ. ಅದರ ಅರ್ಥವನ್ನು ಎಷ್ಟು ಬೇಕಾದರೂ ಬೆಳೆಸಬಹುದು, ತಿರುಗಿಸಬಹುದು, ಎದುರಿನವರನ್ನು ಇಕ್ಕಟ್ಟಿಗೂ ಸಿಕ್ಕಿಸಬಹುದು. ನಮ್ಮ ಮಾವ ನಲವತ್ತು ವರ್ಷ ಅರ್ಥ ಹೇಳಿದವರು. ಅವರು ನನಗೆ ಮೊದಲ ದಿನವೇ ಹೇಳಿಕೊಟ್ಟದ್ದು ಇಷ್ಟು: ಎದುರಿನವನು ಸಭೆಯ ಮುಂದೆ ಒಂದು ಮಾತು ಆಡಿದ ಮೇಲೆ "ನೀನು ಹಾಗೆ ಹೇಳಲೇ ಇಲ್ಲ" ಅನ್ನಬಾರದು. "ಯಾಕೆ ಹಾಗೆ ಹೇಳಿದೆ ಗೊತ್ತಾ" ಅಂತ ಹಿಡಿದುಕೊಳ್ಳಬೇಕು.

ನಿಮ್ಮ 14 ಅಧ್ಯಾಯಗಳನ್ನು ಹಾಗೇ ಎರಡು ಭಾಗ ಮಾಡಿ ನೋಡಿ. ನಿರೂಪಣೆಯಲ್ಲಿ ನಡೆದದ್ದು, ಓದುಗರು ಕಣ್ಣಾರೆ ಕಂಡದ್ದು ಪದ್ಯ. ಪಾತ್ರಗಳು ಬಾಯಲ್ಲಿ ಹೇಳಿದ್ದು, ಊಹಿಸಿದ್ದು, ದೂರದಿಂದ ನೋಡಿ ಅಂದುಕೊಂಡದ್ದು ಅರ್ಥ. ಅರ್ಥದಲ್ಲಿ ಸುಳ್ಳು ಇರಬಹುದು, ತಪ್ಪು ತಿಳುವಳಿಕೆ ಇರಬಹುದು, ಮರೆವು ಇರಬಹುದು. ನಾನು ಎಂಟನೇ ಅಧ್ಯಾಯ ಈಗ ಹೋಗಿ ಓದಿದೆ. ಅಶ್ವಸೇನ ಸತ್ತ ಅಂತ ನಿರೂಪಕ ಎಲ್ಲೂ ಹೇಳಿಲ್ಲ. ದನ ಕಾಯುವ ಹುಡುಗ ಜಡಿಮಳೆಯಲ್ಲಿ ದೂರದಿಂದ ನೋಡಿ ಹೇಳಿದ್ದು. ಹಾಗಿದ್ದರೆ ಬದುವಿನ ಮೇಲೆ ಬಿದ್ದದ್ದು ಪೊರೆ. ಹಾವು ಪೊರೆ ಬಿಡುವಾಗ ತಲೆಯಿಂದ ಬಾಲದವರೆಗೆ ಇಡಿಯಾಗಿ ಬಿಡುತ್ತದೆ, ಕಣ್ಣಿನ ಮೇಲಿನ ಪದರವೂ ಸೇರಿ. ಅದಕ್ಕೆ ಮೊದಲು ಕೆಲವು ದಿನ ಕಣ್ಣು ಹಾಲು ಕಟ್ಟಿದ ಹಾಗೆ ಮಂಜಾಗುತ್ತದೆ. ಏಳನೇ ಅಧ್ಯಾಯದಲ್ಲಿ ಎಲ್ಲಾದರೂ ಅವನು ದಾರಿ ಕಾಣದೇ ಕೇದಗೆಯ ಹೆಗಲು ಹಿಡಿದ ಅಂತ ಒಂದು ಸಾಲು ಸೇರಿಸಿ. ಸಾಕು. ಮೂಲದ ಲೆಕ್ಕಕ್ಕೂ ಅವನು ಬದುಕಿರಲೇಬೇಕು, ಯುದ್ಧದ 17ನೇ ದಿನ ಅವನು ಕರ್ಣನ ಬಾಣಕ್ಕೆ ಸೇರಬೇಕಲ್ಲ. ಆದರೆ ಸತ್ತವನು ಸತ್ತಿರಲಿಲ್ಲ ಅನ್ನುವುದನ್ನು ಇಡೀ ಕಥೆಯಲ್ಲಿ ಒಂದೇ ಸಲ ಮಾಡಿ. ಎರಡನೇ ಸಲಕ್ಕೆ ಓದುವವರು ಯಾವ ಸಾವಿಗೂ ಅಳುವುದಿಲ್ಲ.

ಇನ್ನು ಪದ್ಯ ಹಾಡುವ ಭಾಗವತರ ಸ್ಥಾನ. ಕೂಟದಲ್ಲಿ ಯಾವ ಪದ್ಯ ಯಾವಾಗ, ಮಾತು ಎಲ್ಲಿಗೆ ನಿಲ್ಲಬೇಕು ಅನ್ನುವುದು ಭಾಗವತರ ಕೈಯಲ್ಲಿ. ನಿಮ್ಮಲ್ಲೂ ಪ್ರತಿ ನಾಲ್ಕು ಅಧ್ಯಾಯಕ್ಕೆ ಒಬ್ಬರು ಭಾಗವತರಾಗಲಿ. ಅವರು ಆ ಸುತ್ತಿನಲ್ಲಿ ಬರೆಯಬಾರದು, ಓದಬೇಕು ಅಷ್ಟೇ. ಹಾಕುವ ಮೊದಲು ಅವರ ಕಣ್ಣಿಗೆ ಬೀಳಬೇಕು. ಆಗ ತಪ್ಪು ಒಬ್ಬರ ತಲೆ ಮೇಲೆ ಬರುವುದಿಲ್ಲ. ಹೊಸಬರಿಗೆ ಹಿಂದಿನ ಕಥೆ ತಿಳಿಸುವುದು ಮೊದಲಿಂದ ಇದ್ದವರ ಕೆಲಸ. ನಿಮ್ಮ ಗುಂಪಿನಲ್ಲಿ ಆಡಿದ ಆ ಮಾತು ತಪ್ಪು, ಅದನ್ನು ಆಡಿದವರೇ ಫೋನ್ ಮಾಡಿ ಮಾತಾಡಲಿ, ಮೆಸೇಜ್ ಬೇಡ.

ಸಾಗರದ ಹುಡುಗಿ:

ಒಂದೇ ಕಥೆಗೆ ಬೇರೆ ಬೇರೆ ರೂಪ ಇಟ್ಟುಕೊಳ್ಳಬಹುದಲ್ವಾ? ಪಂಪ 941ರಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಕುಮಾರವ್ಯಾಸನಲ್ಲಿ ಐದು ಜನಕ್ಕೂ ಹೆಂಡತಿ. ಎರಡನ್ನೂ ನಾವು ಓದುತ್ತೇವೆ. ಅಣ್ಣ ಇರುವ ಕೇದಗೆ ಒಂದು ಕಥೆ, ಇಲ್ಲದ ಕೇದಗೆ ಇನ್ನೊಂದು.

ಮಳೆಗಾಲದ ಮದ್ದಳೆ:

ಓದಬಹುದು, ಆದರೆ ಅವು ಎರಡು ಕಾವ್ಯ. ಪಂಪ ಒಂದು ಸಲ ಒಬ್ಬನೇ ಗಂಡ ಅಂದಮೇಲೆ ತನ್ನ ಕಾವ್ಯದಲ್ಲಿ ಅದನ್ನೇ ನಡೆಸಬೇಕಿತ್ತು. ಇವರದ್ದು ಒಂದೇ ಕಥೆ, ಒಬ್ಬಳೇ ಕೇದಗೆ. ಪ್ರತಿ ಜಗಳಕ್ಕೂ ಒಂದೊಂದು ಕವಲು ಒಡೆಯುತ್ತಾ ಹೋದರೆ ಐದು ಜನ ಐದು ಕಡೆ ಬರೆಯುತ್ತಾ ಕೂರುತ್ತಾರೆ.

ನಾಗಬನದ ಪಕ್ಕದ ಮನೆ:

ನಾನು ಬರೆಯುವವಳಲ್ಲ, ಓದುವವಳು. ಎರಡು ದಿನದಿಂದ ಈ ಚರ್ಚೆ ನೋಡುತ್ತಿದ್ದೆ. ನೀವು ಎರಡು ಬೇರೆ ಬೇರೆ ತಪ್ಪು ಅಂತ ಬರೆದಿದ್ದೀರಿ, ನನಗೆ ಅದು ಒಂದೇ ಅನ್ನಿಸುತ್ತಿದೆ.

ಮಣಿ ನೆನಪು ತೆಗೆದುಕೊಳ್ಳುತ್ತದೆ. ಯಾವುದು ಅಂತ ಅದೇ ಆರಿಸುತ್ತದೆ. ನೆರೆಯ ರಾತ್ರಿ ಅವಳು ಮೂರು ಸಲ ಮಣಿ ಹಿಡಿದಳು, ಆದರೆ ಏನೂ ಕಳೆದುಕೊಂಡ ಹಾಗೆ ಅವಳಿಗೆ ಅನ್ನಿಸಲಿಲ್ಲ. ನೆನಪೇ ಹೋದಮೇಲೆ ಹೋಯಿತು ಅಂತ ಗೊತ್ತಾಗುವುದು ಹೇಗೆ? ಎರಡು ಅಧ್ಯಾಯ ಆದಮೇಲೆ ಅವಳು ತುಂಬಾ ಸಮಾಧಾನವಾಗಿ ಹೇಳುತ್ತಾಳೆ, ನನಗೆ ಒಡಹುಟ್ಟಿದವರು ಯಾರೂ ಇಲ್ಲ.

ನಾನು ಅದನ್ನು ಓದಿದಾಗ ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ಅಯ್ಯೋ, ಮಣಿ ನಂಜನನ್ನು ತೆಗೆದುಕೊಂಡಿತಲ್ಲ ಅಂತ ಎದೆ ಧಸಕ್ ಅಂದಿತ್ತು. ನೀವು ಬೇಕಂತಲೇ ಹಾಗೆ ಬರೆದಿದ್ದೀರಿ ಅಂದುಕೊಂಡಿದ್ದೆ. ನೆರೆಯಲ್ಲಿ ಈಜಿ ದಡ ಸೇರುತ್ತಾಳೆ, ಈಜು ಕಲಿಸಿದವನೇ ಮರೆತುಹೋಗಿದ್ದಾನೆ. ಕೈಕಾಲಿಗೆ ಈಜು ಗೊತ್ತಿದೆ, ಯಾರು ಕಲಿಸಿದ್ದು ಗೊತ್ತಿಲ್ಲ.

ಮೂರು ಸಲ ಹಿಡಿದಿದ್ದಾಳೆ. ನಂಜ ಒಂದು. ಇನ್ನೆರಡು ಯಾವುವು ಅಂತ ನಾನು ಅವತ್ತಿನಿಂದ ಹುಡುಕುತ್ತಿದ್ದೇನೆ. ದಯವಿಟ್ಟು ಹನ್ನೊಂದನ್ನು ಮುಟ್ಟಬೇಡಿ. ಬರೆದವರಿಗೆ ಹೇಳಿ, ನಾನು ಅದನ್ನು ಮೂರು ಸಲ ಓದಿದ್ದೇನೆ, ನಮ್ಮ ಅತ್ತೆಗೂ ಓದಿ ಹೇಳಿದ್ದೇನೆ.

ಹೊಸನಗರದ ದಾರಿ:

ಮೈ ಜುಂ ಅಂದಿತು. ನನ್ನ "ಯಾರಿಗೆ ಏನು ಗೊತ್ತು" ಕಾಲಂ ಪಕ್ಕದಲ್ಲಿ "ಯಾರಿಗೆ ಏನು ಮರೆತಿದೆ" ಅಂತ ಇನ್ನೊಂದು ಹಾಕಿ.

ಮಳೆಗಾಲದ ಮದ್ದಳೆ:

ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಮಾತು ಮಾತ್ರ. ಮುಂದಿನ ಅಧ್ಯಾಯದಲ್ಲೇ ಯಾರೋ ಬಂದು "ಮಣಿ ನಿನ್ನ ಅಣ್ಣನ ನೆನಪು ತೆಗೆದುಕೊಂಡಿದೆ" ಅಂತ ಅವಳಿಗೆ ವಿವರಿಸುವ ಹಾಗೆ ಬರೆಯಬೇಡಿ. ಓದುಗರಿಗೆ ಗೊತ್ತಿರಲಿ, ಅವಳಿಗೆ ಗೊತ್ತಿಲ್ಲದೇ ಇರಲಿ, ಆದಷ್ಟು ದಿನ. ನಂಜ ಎಂದಾದರೂ ಘಟ್ಟ ಹತ್ತಿ ಬಂದು ಬಾಗಿಲಲ್ಲಿ ನಿಂತಾಗ ನೋಡೋಣ.

ತುಂಗೆಯ ದಂಡೆ:

ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ತಡವಾಯಿತು, ಕ್ಷಮಿಸಿ. ಮೊನ್ನೆ ಭಾನುವಾರ ಐದೂ ಜನ ತೀರ್ಥಹಳ್ಳಿಯಲ್ಲಿ ಒಬ್ಬರ ಮನೆಯಲ್ಲಿ ಸೇರಿದ್ದೆವು.

ಫೋನ್ ಆಗಿತ್ತು, ಅದರ ಹಿಂದಿನ ದಿನವೇ. ಅರ್ಧ ಗಂಟೆ ಮಾತಾಡಿದರಂತೆ. ನಾಗಬನದ ಪಕ್ಕದ ಮನೆಯವರು ಬರೆದದ್ದನ್ನು ನಾನು ಎಲ್ಲರ ಮುಂದೆ ಜೋರಾಗಿ ಓದಿದೆ. ಹನ್ನೊಂದನ್ನು ಬರೆದವರು ಎದ್ದು ಹಿತ್ತಿಲಿಗೆ ಹೋದರು. ವಾಪಸ್ ಬಂದವರು "ಹದಿನೈದು ನಾನು ಬರೀತೀನಿ" ಅಂದರು. ಮೊದಲ ಸುತ್ತಿನ ಭಾಗವತಿಕೆ ನನ್ನದು ಅಂತ ಆಯಿತು, ಹಾಗಾಗಿ ನಾಲ್ಕು ಅಧ್ಯಾಯ ನಾನು ಬರೆಯುವುದಿಲ್ಲ.

ಚಿಕ್ಕ ತಪ್ಪುಗಳನ್ನು ತಿದ್ದಿ ಆ ಅಧ್ಯಾಯಗಳ ಕೆಳಗೆ ತಿದ್ದಿದ್ದೇವೆ ಅಂತ ಬರೆದಿದ್ದೇವೆ. ಅಜ್ಜಿಯ ಒರಳಿಗೆ ಕಾಳುಮೆಣಸು ಬಂತು. ಆರನೆಯ ಸಂಜೆ ಕೂಡ್ಲಿ ತಲುಪುತ್ತಾರೆ, ಚಂದ್ರನ ದೃಶ್ಯ ಹೊಸದಾಗಿ ಬರೆದಾಗಿದೆ. ಅಶ್ವಸೇನ ಪೊರೆ ಬಿಟ್ಟ. ಆರನೇ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕು, ಅದಕ್ಕೆ ಸಮಯ ಬೇಕು. ಮಿಡಿ ಉಪ್ಪಿನಕಾಯಿ ಅವರೇ, ನಿಮ್ಮ ಅಜ್ಜಿ ತೋರಿಸುತ್ತಿದ್ದ ಆ ಗದ್ದೆ, ಬಾವಿ ಹೇಗಿದ್ದವು ಅಂತ ನಿಮಗೆ ನೆನಪಿದ್ದಷ್ಟು ಬರೆದು ಕಳಿಸುತ್ತೀರಾ? ಕೇದಗೆಯನ್ನು ಆ ದಾರಿಯಲ್ಲೇ ಕರೆದುಕೊಂಡು ಹೋಗಬೇಕು ಅಂತ ಇದೆ.

ಹನ್ನೊಂದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹನ್ನೆರಡಕ್ಕೆ ಮಾತ್ರ, ವಾಪಸ್ ಬರುವ ದಾರಿಯಲ್ಲಿ ಊಟಕ್ಕೆ ಕೂರುವ ಕಡೆ, ಎರಡು ಸಾಲು ಸೇರಿಸಿದ್ದೇವೆ. ಆ ಸಾಲು ಬರೆದದ್ದು ಹನ್ನೊಂದನ್ನು ಬರೆದವರೇ:

"ಕೇದಗೆ ಬಾಳೆಲೆ ಸೀಳಿ ತೊಳೆದು ತನ್ನ ಮುಂದೆ ಹಾಕಿಕೊಂಡಳು, ಪಕ್ಕದಲ್ಲಿ ಇನ್ನೊಂದು ಹಾಕಿದಳು. ಯಾರಿಗೆ ಅಂತ ಅಶ್ವಸೇನ ಕೇಳಿದಾಗ ಅವಳು ಆ ಎಲೆಯನ್ನು ಸ್ವಲ್ಪ ಹೊತ್ತು ನೋಡಿ, ಮಡಚಿ, ಹೊಳೆಗೆ ಬಿಟ್ಟಳು."